ಚೆನ್ನೈ ಬಂದರಾ, ಬೆಂಗಳೂರು ಏರ್ ಕಾರ್ಗೋನಾ, ಕೊರಿಯರಾ? ಮೂರೂ ದಾರಿಲಿ ತರಿಸಿ ನೋಡಿದ್ದು

ದಾವಣಗೆರೆಲಿ ನಮ್ದು ಕಂಪ್ಯೂಟರ್ ಎಂಬ್ರಾಯ್ಡರಿ ಯುನಿಟ್. ಸೂಜಿ, ರೋಟರಿ ಹುಕ್, ಬಾಬಿನ್ ಕೇಸ್ ಥರ ಮೆಷಿನ್ ಬಿಡಿಭಾಗ ಎಲ್ಲಾ ಚೀನಾದಿಂದ ತರಿಸ್ತೀವಿ. ಮದುವೆ ಸೀಜನ್‌ನಲ್ಲಿ ಹುಕ್ ಹೋಯ್ತು ಅಂದ್ರೆ ಮೆಷಿನ್‌ನಲ್ಲಿ ಆ ಹೊಲಿಯೋ ಹೆಡ್ ನಿಂತಂಗೆ, ಆಪರೇಟರ್‌ಗೆ ಕೂಲಿ ಮಾತ್ರ ಕೊಡ್ಲೇಬೇಕು, ಅದಕ್ಕೇ ಮೂರು ದಾರಿಲೂ ತರಿಸಿ ಕಸ್ಟಮ್ಸ್‌ನಲ್ಲಿ ಕ್ಲಿಯರ್ ಆಗೋಕೆ ಎಷ್ಟೆಷ್ಟು ದಿನ ಹಿಡೀತು ಅಂತ ಬರ್ದಿಟ್ಕೊಂಡಿದೀನಿ.

ಕೊರಿಯರ್‌ನಲ್ಲಿ 6 ಕೆಜಿ ಬಾಕ್ಸ್ ತರಿಸಿದ್ದೆ. ಕೆವೈಸಿ ಕಳ್ಸಿ ಡ್ಯೂಟಿ ಕಟ್ಟಿದ್ಮೇಲೆ 3 ದಿನಕ್ಕೆ ಕ್ಲಿಯರ್ ಆಗಿ ಅಂಗಡಿಗೇ ಬಂತು. ಆದ್ರೆ ಕೆಜಿ ಲೆಕ್ಕದಲ್ಲಿ ತುಂಬಾ ದುಬಾರಿ, ಅರ್ಜೆಂಟ್ ಇದ್ರೆ ಮಾತ್ರ.

ಚೆನ್ನೈ ಬಂದರಿಂದ ಮೊದಲ ಸಲ 11 ದಿನ! ನಮ್ಮಂಥ ಸಣ್ಣೋರ ಮಾಲು ಬೇರೆಯವರ ಮಾಲಿನ ಜೊತೆ ಒಂದೇ ಕಂಟೇನರ್‌ನಲ್ಲಿ ಬರತ್ತೆ, ಅದು ಸಿಎಫ್‌ಎಸ್‌ಗೆ (ಕಂಟೇನರ್ ಬಿಚ್ಚೋ ಗೋದಾಮು) ಹೋಗಿ ಬಿಚ್ಚಿ ನಮ್ದು ಬೇರೆ ಮಾಡೋಕೇ 4 ದಿನ ಹೋಯ್ತು. ಆಮೇಲೆ ಕಸ್ಟಮ್ಸ್‌ನಿಂದ ಕ್ವೆರಿ (ವಿವರಣೆ ಕೇಳಿ ಪ್ರಶ್ನೆ) ಬಂತು, ಯಾಕಂದ್ರೆ ಸಪ್ಲೈಯರ್ ಇನ್‌ವಾಯ್ಸ್‌ನಲ್ಲಿ ಬರೀ 'ಮೆಷಿನ್ ಪಾರ್ಟ್ಸ್' ಅಂತ ಬರ್ದಿದ್ದ. 2020ರಿಂದ ಫೇಸ್‌ಲೆಸ್ ಅಸೆಸ್‌ಮೆಂಟ್, ಅಂದ್ರೆ ಪೇಪರ್ ಎಲ್ಲಾ ಆನ್‌ಲೈನ್‌ನಲ್ಲೇ ನೋಡೋದು, ಆಫೀಸರ್ ಬೇರೆ ಯಾವ್ದೋ ಊರಲ್ಲಿ ಕೂತಿರಬಹುದು, ನಮ್ಮ ಕಸ್ಟಮ್ಸ್ ಏಜೆಂಟ್ ಎದುರು ಹೋಗಿ ವಿವರಿಸೋಕೆ ಆಗಲ್ಲ. ಮೆಷಿನ್‌ನಿಂದ ಹಳೇ ಹುಕ್ ಬಿಚ್ಚಿ, ಬಿಳಿ ಬಟ್ಟೆ ಮೇಲಿಟ್ಟು, ಪಕ್ಕಕ್ಕೆ ಸ್ಕೇಲ್ ಇಟ್ಟು ಫೋಟೋ ತೆಗ್ದು ಕ್ಯಾಟಲಾಗ್ ಪೇಜ್ ಸಮೇತ ಕಳ್ಸಿದೆ, ಏಜೆಂಟ್ ಇ-ಸಂಚಿತ್‌ಗೆ (ಕಸ್ಟಮ್ಸ್‌ಗೆ ದಾಖಲೆ ಅಪ್‌ಲೋಡ್ ಮಾಡೋ ಆನ್‌ಲೈನ್ ವ್ಯವಸ್ಥೆ) ಹಾಕಿದ್ರು, ಮಾರನೇ ದಿನ ಪಾಸ್ ಆಯ್ತು.

ಎರಡನೇ ಸಲ ಅದೇ ಬಂದರು, ಅದೇ ಏಜೆಂಟ್, 5 ದಿನ. ಒಂದೊಂದು ಐಟಂ ಹೆಸರು, ಎಚ್‌ಎಸ್‌ ಕೋಡ್ (ಡ್ಯೂಟಿ ಲೆಕ್ಕಕ್ಕೆ ಸರಕಿನ ವರ್ಗದ ನಂಬರ್), ಯಾವ ಮೆಷಿನ್‌ಗೆ ಅಂತ ಬರೆಸಿದ್ದೆ, ಹಡಗು ಇನ್ನೂ ಸಮುದ್ರದಲ್ಲಿರೋವಾಗ್ಲೇ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡೋ ಆಮದು ಘೋಷಣೆ) ಹಾಕ್ಸಿದ್ದೆ. ಹಡಗು ಬರೋ ಹಿಂದಿನ ದಿನದೊಳಗೆ ಹಾಕ್ಲೇಬೇಕು ಅಂತ ರೂಲ್ಸೇ ಇದೆ, ತಡ ಆದ್ರೆ ಮೊದಲ 3 ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಸಣ್ಣ ಪಾರ್ಸೆಲ್‌ಗೆ ಅಷ್ಟು ಬಿದ್ರೆ ಲಾಭ ಎಲ್ಲಾ ಅಲ್ಲೇ ಹೋಯ್ತು.

ದೇವನಹಳ್ಳಿ ಏರ್ ಕಾರ್ಗೋ ನನಗೆ ಸರಿ ಬಂದಿದ್ದು. 45 ಕೆಜಿ, ಪೇಪರ್ ಎಲ್ಲಾ ಮೊದಲೇ ರೆಡಿ, ಡ್ಯೂಟಿ ಅವತ್ತೇ ಕಟ್ಟಿದೆ, 2 ದಿನಕ್ಕೆ ಔಟ್ ಆಫ್ ಚಾರ್ಜ್ (ಮಾಲು ಹೊರಗೆ ಒಯ್ಯೋಕೆ ಕಸ್ಟಮ್ಸ್ ಒಪ್ಪಿಗೆ), ರಾತ್ರಿ ಲಾರಿಗೆ ಹಾಕಿದ್ರೆ ಹೈವೇ 48ರಲ್ಲಿ ಬೆಳಿಗ್ಗೆ ದಾವಣಗೆರೆ.

ಈಗ ವರ್ಷಕ್ಕೆ ಬೇಕಾದ ಸೂಜಿ ಹಡಗಲ್ಲಿ, ಹುಕ್ ಏರ್‌ನಲ್ಲಿ. ಸಪ್ಲೈಯರ್‌ಗೆ ದುಡ್ಡು ಹಾಕೋಕೆ ಮುಂಚೆ ಇನ್‌ವಾಯ್ಸ್ ಡ್ರಾಫ್ಟ್ ತರಿಸ್ಕೊಂಡು ಏಜೆಂಟ್‌ಗೆ ವಾಟ್ಸಾಪ್ ಮಾಡ್ತೀನಿ, ಅವ್ರು ಸರಿ ಇದೆ ಅಂದ್ಮೇಲೇ ಮಾಲು ಅಲ್ಲಿಂದ ಹೊರಡೋದು.