ಟಿಳಕವಾಡಿಯ ಪ್ಲಾಟರ್ ಅಂಗಡಿ: ಪ್ರಿಂಟ್ ಚೆಂದ, ಸ್ಕೇಲ್ ಮಾತ್ರ ಹೇಳಿಯೇ ಮಾಡಿಸಿ

ಬೆಳಗಾವಿಯಲ್ಲಿ ದೊಡ್ಡ ನಕಾಶೆ ಪ್ರಿಂಟ್ ಮಾಡಿಸಬೇಕೆಂದರೆ ನಾನು ಇಲ್ಲಿಗೇ ಹೋಗುತ್ತೇನೆ. ಜಾಸ್ತಿ ಬರುವುದು ಮನೆ ಪ್ಲಾನ್‌ಗಳೇ. ನನ್ನದು ಆಫ್ರಿಕಾದ ಮಲಾವಿ ಸೀಳು ಕಣಿವೆಯ ಬಿಲಿಲಾ-ಮ್ತಕಟಕ ಸ್ತರಭಂಗದ, ಅಂದರೆ ನೆಲ ಜಾರುವ ದೊಡ್ಡ ಬಿರುಕಿನ, ನಕಾಶೆ.

"ಸರ್, ಈ ಕರೀ ಗೆರಿ ರಸ್ತೇನ್ರಿ?" ಎಂದರು ಅಂಗಡಿಯ ಕಾಕಾ.

ರಸ್ತೆಯಲ್ಲ. ನೆಲ ಎರಡೂ ಕಡೆ ಎಳೆದುಕೊಂಡಾಗ ಓರೆ ಬಿರುಕಿನ ಗುಂಟ ಒಂದು ಬದಿ ಕುಸಿದು ಆದ ಮೆಟ್ಟಿಲು. ಉದ್ದ ಸುಮಾರು 110 ಕಿ.ಮೀ. ಅಷ್ಟೂ ಒಂದೇ ಸಲ ಜಾರಿದರೆ ಭೂಕಂಪದ ತೀವ್ರತೆ 7 ದಾಟಬಹುದು, ತುಂಡು ತುಂಡಾಗಿ ಜಾರಿದರೆ ಕಡಿಮೆ. ಅದಕ್ಕೇ ಉದ್ದ ಅಳೆಯುವುದು ಮುಖ್ಯ. ಪಕ್ಕದ ಮೊಜಾಂಬಿಕ್‌ನಲ್ಲಿ 2006ರಲ್ಲಿ 7.0 ಆಗಿಯೇ ಹೋಗಿದೆ.

1:2,00,000 ಸ್ಕೇಲ್‌ನಲ್ಲಿ, ಅಂದರೆ 1 ಸೆಂ.ಮೀ.ಗೆ 2 ಕಿ.ಮೀ. ಲೆಕ್ಕದಲ್ಲಿ, ಈ ಗೆರೆ 55 ಸೆಂ.ಮೀ. ಬರಬೇಕು. ಹುಡುಗ ಸುಮ್ನೆ 'ಫಿಟ್ ಟು ಪೇಜ್' ಒತ್ತಿಬಿಟ್ಟ, ಗೆರೆ ಗಿಡ್ಡವಾಯಿತು. ಕಾಕಾ ತಕರಾರಿಲ್ಲದೆ ಇನ್ನೊಂದು ತೆಗೆದುಕೊಟ್ಟರು, ದುಡ್ಡು ಕೇಳಲಿಲ್ಲ. ಎರಡನೆಯದರಲ್ಲಿ ಮೆಟ್ಟಿಲಿನ ನೆರಳು, ಅದನ್ನು ಸೀಳಿದ ಹಳ್ಳಗಳು, ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಇಂಕ್ ಎಲ್ಲೂ ಹರಡಿಲ್ಲ.

ಸಂಜೆ ಹೋಗಬೇಡಿ, ಪ್ರಾಜೆಕ್ಟ್ ಹುಡುಗರ ಗದ್ದಲ. ಪೆನ್‌ಡ್ರೈವ್‌ನಲ್ಲಿ ಪಿಡಿಎಫ್ ಒಯ್ಯಿರಿ.