ಬಣ್ಣ ನೋಡಿ ಕಲ್ಲಿಗೆ ಹೆಸರಿಡಬೇಡಿ: ಹಾಳಾದ ಒಂದು ಮಾದರಿ ಪೆಟ್ಟಿಗೆ ಹೇಳುವುದು

ಕಲ್ಲು ಮತ್ತು ಖನಿಜಗಳನ್ನು ಗುರುತಿಸಲು ಹೊಸದಾಗಿ ಕಲಿಯುತ್ತಿದ್ದವರು ಸೇರಿಸಿಟ್ಟ ಮಾದರಿಗಳ ಪೆಟ್ಟಿಗೆಯೊಂದು ಮರುಪರೀಕ್ಷೆಗೆ ಬಂದಿತ್ತು. ಚೀಟಿಗಳು ಅಚ್ಚುಕಟ್ಟಾಗಿದ್ದವು, ಆದರೆ ಅವುಗಳಲ್ಲಿ ಬಹಳಷ್ಟು ತಪ್ಪು. ತಪ್ಪು ಚೀಟಿಯನ್ನು ಕಿತ್ತು ಬೇರೆ ಅಂಟಿಸಬಹುದು. ಮಾದರಿಗಳಿಗೆ ಆಗಿದ್ದ ಹಾನಿಯನ್ನು ಮಾತ್ರ ಸರಿಪಡಿಸುವಂತಿರಲಿಲ್ಲ. ಪಾರದರ್ಶಕ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಮುಖ್ಯ ಖನಿಜ) ಹರಳಿನ ಮುಖವನ್ನು ಆಮ್ಲ ತಿಂದು ಮಂಕಾಗಿಸಿತ್ತು. ಫ್ಲೋರೈಟ್‌ನ ನುಣುಪು ಮುಖದ ನಡುಮಧ್ಯೆ ಚಾಕುವಿನ ಗೀರು. ತೊಳೆಯಲೆಂದು ನೀರಿನಲ್ಲಿ ಬಿಟ್ಟಿದ್ದ ಕಲ್ಲುಪ್ಪಿನ ಚೂಪು ಅಂಚುಗಳೆಲ್ಲ ಕರಗಿ ಗುಂಡಗಾಗಿದ್ದವು. ಪೈರೈಟ್ (ಕಬ್ಬಿಣದ ಸಲ್ಫೈಡ್) ಇದ್ದ ಮೂಲೆಯಲ್ಲಿ ಕಾಗದದ ಚೀಟಿ ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಉದುರುತ್ತಿತ್ತು.

ಎಲ್ಲಕ್ಕಿಂತ ಆತಂಕ ತಂದದ್ದು 'ಹೆಮಟೈಟ್' (ಕಬ್ಬಿಣದ ಅದಿರು) ಎಂದು ಬರೆದಿದ್ದ ಒಂದು ಕೆಂಪು ಕಲ್ಲು. ಅದು ಇಂಗಳೀಕ, ಅಂದರೆ ಪಾದರಸದ ಸಲ್ಫೈಡ್. ಪುಡಿ ಕೆಂಪಾಗಿ ಬಂತು ಎಂಬ ಒಂದೇ ಕಾರಣಕ್ಕೆ ಅದನ್ನು ಹೆಮಟೈಟ್ ಎಂದುಕೊಂಡು, ಮತ್ತೆ ಮತ್ತೆ ಉಜ್ಜಿ ಪುಡಿ ಮಾಡಿದ್ದರು. ಕೆಂಪು ಪುಡಿ ಎರಡರಿಂದಲೂ ಬರುತ್ತದೆ. ಹೆಮಟೈಟ್‌ನ ಪುಡಿ ಕೆಂಪುಗಂದು, ಇಂಗಳೀಕದ್ದು ಕುಂಕುಮಗೆಂಪು. ಗಟ್ಟಿ ಹೆಮಟೈಟ್‌ನ ಕಾಠಿಣ್ಯ (ಗೀರಿಗೆ ಒಡ್ಡುವ ತಡೆ, 1ರಿಂದ 10ರ ಮಾಪಕದಲ್ಲಿ) 5ರಿಂದ 6ರ ಆಸುಪಾಸು, ಇಂಗಳೀಕದ್ದು 2ರಿಂದ 2.5. ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು, ಹೆಮಟೈಟ್‌ಗೆ ಸುಮಾರು 5.2, ಇಂಗಳೀಕಕ್ಕೆ ಸುಮಾರು 8.1. ಮಣ್ಣಿನಂತಿರುವ ಹೆಮಟೈಟ್ ಕೂಡ ಉಗುರಿಗೇ ಉದುರುತ್ತದೆ, ಹಾಗಾಗಿ ಮೆತ್ತಗಿದೆ ಎಂಬುದೊಂದರಿಂದಲೂ ತೀರ್ಮಾನವಾಗದು. ಒಂದೇ ಗುಣವನ್ನು ನಂಬಿ ಹೆಸರಿಟ್ಟರೆ ಆಗುವ ಅಪಾಯ ಇದು. ಕನಿಷ್ಠ ಮೂರು ಗುಣಗಳು ಒಂದೇ ಹೆಸರಿನ ಕಡೆ ಕೈ ತೋರಿಸುವವರೆಗೆ ಚೀಟಿ ಬರೆಯಬೇಡಿ.

ತಪ್ಪುಗಳೆಲ್ಲ ಶುರುವಾಗುವುದು ಬಣ್ಣದಿಂದ. ಬೆಣಚುಕಲ್ಲು ಬಿಳಿ, ನೇರಳೆ, ಗುಲಾಬಿ, ಹೊಗೆಗಂದು, ಹಳದಿ ಎಲ್ಲ ಬಣ್ಣದಲ್ಲೂ ಸಿಗುತ್ತದೆ. ಫ್ಲೋರೈಟ್ ಕೂಡ ಹಾಗೆಯೇ. ನೇರಳೆ ಫ್ಲೋರೈಟ್‌ಗೆ ಆ ಪೆಟ್ಟಿಗೆಯಲ್ಲಿ 'ಅಮೆಥಿಸ್ಟ್' (ನೇರಳೆ ಬೆಣಚುಕಲ್ಲು) ಎಂಬ ಚೀಟಿಯಿತ್ತು. ಫ್ಲೋರೈಟ್‌ನ ಕಾಠಿಣ್ಯ 4, ಅದು ಗಾಜನ್ನು ಗೀರಲಾರದು. ಅಮೆಥಿಸ್ಟ್ 7, ಸಲೀಸಾಗಿ ಗೀರುತ್ತದೆ. ಹಳೆಯ ಗಾಜಿನ ಚೂರೊಂದು ಹತ್ತಿರವಿದ್ದಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ. ಮಾರಾಟಕ್ಕೆ ಬರುವ ಕಲ್ಲುಗಳಲ್ಲಂತೂ ಬಣ್ಣ ಹಾಕಿದವೇ ಬಹಳ. ಬಿಳಿ ಹೌಲೈಟ್‌ಗೆ ನೀಲಿ ಬಣ್ಣ ಕುಡಿಸಿ ಟರ್ಕ್ವಾಯ್ಸ್ ಎನ್ನುತ್ತಾರೆ. ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯಿಂದ ಹಿಂಬದಿ ಒರೆಸಿ ನೋಡಿ. ಹತ್ತಿ ನೀಲಿಯಾದರೆ ಬಣ್ಣ ಹಾಕಿದ್ದೇ, ಅನುಮಾನ ಬೇಡ, ಆದರೆ ನೀಲಿಯಾಗಲಿಲ್ಲ ಎಂದ ಮಾತ್ರಕ್ಕೆ ಅಸಲಿ ಎಂದು ಹೇಳಲಾಗದು.

ಎರಡನೆಯ ದೊಡ್ಡ ತಪ್ಪು, ಹಳೆಯ ಮೈಯ ಮೇಲೆ ಪರೀಕ್ಷೆ ಮಾಡಿದ್ದು. ಗಾಳಿ ಮಳೆಗೆ ಸಿಕ್ಕ ಕಲ್ಲಿನ ಹೊರಪದರದಲ್ಲಿ ತುಕ್ಕು, ಮಣ್ಣು, ಸುಣ್ಣ ಎಲ್ಲ ಸೇರಿರುತ್ತದೆ. ಅಲ್ಲಿ ಗೀರಿದರೆ ಸಿಗುವುದು ಪದರದ ಕಾಠಿಣ್ಯ, ಖನಿಜದ್ದಲ್ಲ. ಸುಣ್ಣದ ತೆಳುಪದರ ಕೂತ ಬೆಣಚುಕಲ್ಲು ಆಮ್ಲಕ್ಕೆ ಬುರುಗು ಬಿಡುತ್ತದೆ, ನೋಡಿದವರು ಕ್ಯಾಲ್ಸೈಟ್ ಎಂದು ಬರೆಯುತ್ತಾರೆ. ಮೂಲೆಯೊಂದನ್ನು ಸುತ್ತಿಗೆಯಿಂದ ಚಿಕ್ಕದಾಗಿ ಒಡೆದು ಹೊಸ ಮುಖ ತೆರೆಯಿರಿ. ರಕ್ಷಣಾ ಕನ್ನಡಕ ಹಾಕದೆ ಸುತ್ತಿಗೆ ಎತ್ತಬೇಡಿ. ಬೆಣಚುಕಲ್ಲಿನ ಚಕ್ಕೆ ಗಾಜಿನಷ್ಟೇ ಹರಿತ. ಒಳ್ಳೆಯ ಹರಳನ್ನಂತೂ ಒಡೆಯಲೇಬಾರದು, ಅದೇ ಜಾಗದಲ್ಲಿ ಬಿದ್ದಿರುವ ಮುರುಕು ಚೂರು ಸಾಕು.

ಕಾಠಿಣ್ಯ ಪರೀಕ್ಷೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಸುಲಭ ಅನ್ನಿಸುವುದರಿಂದಲೇ ಇದರಲ್ಲಿ ಹೆಚ್ಚು ಜನ ಎಡವುತ್ತಾರೆ. ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಮಾಪಕದಲ್ಲಿ ಟಾಲ್ಕ್ 1, ಜಿಪ್ಸಮ್ 2, ಕ್ಯಾಲ್ಸೈಟ್ 3, ಫ್ಲೋರೈಟ್ 4, ಅಪಟೈಟ್ 5, ಆರ್ಥೋಕ್ಲೇಸ್ 6, ಬೆಣಚುಕಲ್ಲು 7, ಟೋಪಾಜ್ 8, ಕೊರಂಡಮ್ 9, ವಜ್ರ 10. ಇವು ಬರೀ ಮೆಟ್ಟಿಲುಗಳು, ಮೆಟ್ಟಿಲುಗಳ ಎತ್ತರ ಸಮನಲ್ಲ. ನಮ್ಮ ಉಗುರು ಸುಮಾರು 2.5, ತಾಮ್ರದ ತುಂಡು ಸುಮಾರು 3, ಸಾಮಾನ್ಯ ಚಾಕು ಮತ್ತು ಕಿಟಕಿ ಗಾಜು 5.5ರ ಹತ್ತಿರ, ಉಕ್ಕಿನ ಅರ 6.5.

ಗೀರಬೇಕಾದದ್ದು ಕಾಣದ ಬದಿಯಲ್ಲಿ, ಐದು ಮಿಲಿಮೀಟರ್‌ಗಿಂತ ಉದ್ದ ಬೇಡ. ಗೀರಿದ ಮೇಲೆ ಒದ್ದೆ ಬೆರಳಿನಿಂದ ಒರೆಸಿ ಭೂತಗನ್ನಡಿಯಲ್ಲಿ ನೋಡಿ. ಒರೆಸಿದಾಗ ಗೆರೆ ಹೋದರೆ ಅದು ಗೀರಲ್ಲ, ಮೆತ್ತನೆಯದು ಗಟ್ಟಿಯದರ ಮೇಲೆ ಬಿಟ್ಟ ಪುಡಿ. ಬೆಣಚುಕಲ್ಲಿನ ಮೇಲೆ ಚಾಕು ಉಜ್ಜಿದರೆ ಲೋಹದ ಬೂದು ಗೆರೆ ಉಳಿಯುತ್ತದೆ, ಅದನ್ನು ಗೀರು ಎಂದು ಓದಿ ಕಾಠಿಣ್ಯ 5 ಎಂದು ಬರೆದದ್ದೂ ಅದೇ ಪೆಟ್ಟಿಗೆಯಲ್ಲಿತ್ತು. ಆಮೇಲೆ ಉಲ್ಟಾ ಪರೀಕ್ಷೆಯನ್ನೂ ಮಾಡಿ: ಗಾಜು ಕಲ್ಲನ್ನು ಗೀರುತ್ತದೆಯೇ, ಕಲ್ಲು ಗಾಜನ್ನು ಗೀರುತ್ತದೆಯೇ. ಗಾಜನ್ನು ಮೇಜಿನ ಮೇಲೆ ಇಟ್ಟೇ ಗೀರಿ, ಕೈಯಲ್ಲಿ ಹಿಡಿದಲ್ಲ. ಕಯನೈಟ್ ಎದುರಾದರೆ ದಿಕ್ಕನ್ನೂ ಗಮನಿಸಿ. ಹರಳಿನ ಉದ್ದಕ್ಕೆ 5ರ ಆಸುಪಾಸು, ಅಡ್ಡಕ್ಕೆ 7ರ ಹತ್ತಿರ.

ಇಷ್ಟೆಲ್ಲ ಅನ್ವಯಿಸುವುದು ಖನಿಜಕ್ಕೆ. ಕಣಗಳು ಸೇರಿ ಆದ ಶಿಲೆಗೆ ಒಂದೇ ಕಾಠಿಣ್ಯ ಎಂಬುದಿಲ್ಲ. ಮರಳುಗಲ್ಲನ್ನು ಚಾಕುವಿನಿಂದ ಕೆರೆದರೆ ಪುಡಿ ಉದುರುತ್ತದೆ, ಆದರೆ ಉದುರಿದ್ದು ಕಣಗಳ ನಡುವಿನ ಅಂಟು ಸಡಿಲವಾದ್ದರಿಂದ. ಉದುರಿದ ಬೆಣಚುಕಣವೇ ಗಾಜನ್ನು ಗೀರುತ್ತದೆ. ಬಿಳಿ ಅಮೃತಶಿಲೆಯನ್ನೂ ಬಿಳಿ ಕ್ವಾರ್ಟ್‌ಜೈಟ್ (ಬೆಣಚುಕಣಗಳು ಬೆಸೆದುಕೊಂಡ ಶಿಲೆ) ಅನ್ನೂ ಕಣ್ಣಿನಿಂದ ಬೇರ್ಪಡಿಸುವುದು ಕಷ್ಟ. ಚಾಕುವಿಗೆ ಸಿಕ್ಕುವುದು ಅಮೃತಶಿಲೆ, ಗಾಜನ್ನು ಗೀರುವುದು ಕ್ವಾರ್ಟ್‌ಜೈಟ್.

ಪುಡಿಯ ಬಣ್ಣ ನೋಡಲು, ಅಂದರೆ ಕಲ್ಲನ್ನು ಉಜ್ಜಿ ಗೆರೆ ಎಳೆಯಲು, ಮೆರುಗಿಲ್ಲದ ಪಿಂಗಾಣಿ ಬಿಲ್ಲೆ ಬೇಕು, ಟೈಲ್‌ನ ಹಿಂಬದಿಯಾದರೂ ಸರಿ. ಹೆಮಟೈಟ್ ಉಕ್ಕಿನಂತೆ ಹೊಳೆಯುತ್ತಿದ್ದರೂ ಗೆರೆ ಕೆಂಪುಗಂದೇ. ಮ್ಯಾಗ್ನೆಟೈಟ್‌ನದ್ದು ಕಪ್ಪು, ಆಯಸ್ಕಾಂತಕ್ಕೂ ಗಟ್ಟಿಯಾಗಿ ಅಂಟುತ್ತದೆ. ಚಿನ್ನದ ಗೆರೆ ಹಳದಿ. ಪೈರೈಟ್ ಮತ್ತು ಚಾಲ್ಕೊಪೈರೈಟ್‌ನದ್ದು (ತಾಮ್ರ-ಕಬ್ಬಿಣದ ಸಲ್ಫೈಡ್) ಹಸಿರು ಛಾಯೆಯ ಕಪ್ಪು. ಅವೆರಡರ ನಡುವೆ ಚಾಕು ಹೇಳುತ್ತದೆ: ಚಾಲ್ಕೊಪೈರೈಟ್ 3.5ರಿಂದ 4, ಗೀರು ಬೀಳುತ್ತದೆ. ಪೈರೈಟ್ 6ರಿಂದ 6.5, ಬೀಳುವುದಿಲ್ಲ. ಬಿಲ್ಲೆಯ ಕಾಠಿಣ್ಯವೇ 7ರ ಹತ್ತಿರ ಇರುವುದನ್ನು ಮರೆಯಬೇಡಿ. ಅದಕ್ಕಿಂತ ಗಟ್ಟಿಯಾದದ್ದನ್ನು ಉಜ್ಜಿದರೆ ಕಾಣುವ ಬಿಳಿಪುಡಿ ಬಿಲ್ಲೆಯದ್ದೇ.

ಸೀಳನ್ನೂ (ಖನಿಜ ನಿಗದಿತ ಸಮತಲಗಳಲ್ಲಿ ಒಡೆಯುವ ಗುಣ) ಹರಳಿನ ಮುಖವನ್ನೂ ಒಂದೇ ಎಂದುಕೊಳ್ಳುವುದು ಇನ್ನೊಂದು ಸಾಮಾನ್ಯ ತಪ್ಪು. ಬೆಣಚು ಹರಳಿಗೆ ಸಮತಲ ಮುಖಗಳಿದ್ದರೂ ಒಡೆದಾಗ ಚಿಪ್ಪಿನಂತೆ ಬಾಗಿದ ಒಡಕು ಬರುತ್ತದೆ, ಸೀಳು ಇಲ್ಲ. ಕ್ಯಾಲ್ಸೈಟ್ ಎಷ್ಟು ಸಲ ಒಡೆದರೂ ಓರೆ ಪೆಟ್ಟಿಗೆಯಾಕಾರದ ಚೂರುಗಳೇ, ಕೋನಗಳು ಸುಮಾರು 75 ಮತ್ತು 105 ಡಿಗ್ರಿ. ಕಲ್ಲುಪ್ಪು ಮತ್ತು ಗೆಲೀನಾದ (ಸೀಸದ ಸಲ್ಫೈಡ್) ಚೂರುಗಳ ಕೋನ 90. ಕಪ್ಪು ಖನಿಜಗಳಲ್ಲಿ ಪೈರಾಕ್ಸೀನ್‌ನ ಸೀಳುಗಳು ಹೆಚ್ಚುಕಡಿಮೆ ಲಂಬ, ಆಂಫಿಬೋಲ್‌ನದ್ದು 56 ಮತ್ತು 124 ಡಿಗ್ರಿ.

ಮಾದರಿಗೆ ಹಾನಿಯಾಗದ ಪರೀಕ್ಷೆ ಎಂದರೆ ತೂಕ, ಅದನ್ನೇ ಜನ ಬಿಟ್ಟುಬಿಡುತ್ತಾರೆ. 0.1 ಗ್ರಾಂ ತೋರಿಸುವ ತಕ್ಕಡಿ ಸಾಕು. ಮೊದಲು ಒಣಕಲ್ಲನ್ನು ತೂಗಿ. ಬಳಿಕ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ಕಲ್ಲನ್ನು ತೆಳು ದಾರದಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಬದಿಗೂ ತಗುಲಬಾರದು. ಮೊದಲ ತೂಕವನ್ನು ಈಗಿನ ಅಂಕಿಯಿಂದ ಭಾಗಿಸಿ. 54.2 ಗ್ರಾಂ ಕಲ್ಲಿಗೆ 20.0 ಬಂದರೆ 2.71, ಅದು ಕ್ಯಾಲ್ಸೈಟ್‌ನ ಅಂಕಿ. 20.5 ಬಂದರೆ 2.64, ಬೆಣಚುಕಲ್ಲಿನ ಹತ್ತಿರ. ಅರ್ಧ ಗ್ರಾಂನಲ್ಲಿ ಹೆಸರೇ ಬದಲಾಗುತ್ತದೆ, ಆದ್ದರಿಂದ ಮೈಗೆ ಅಂಟಿದ ಗಾಳಿಗುಳ್ಳೆಗಳನ್ನು ಕುಂಚದಿಂದ ಸವರಿ ತೆಗೆಯಿರಿ. ಹತ್ತು ಗ್ರಾಂಗಿಂತ ಚಿಕ್ಕ ಚೂರು, ರಂಧ್ರಗಳಿರುವ ಕಲ್ಲು ಇದಕ್ಕೆ ಒಗ್ಗುವುದಿಲ್ಲ. ನೀರಲ್ಲಿ ಕರಗುವುದನ್ನಂತೂ ಇಳಿಸಲೇಬೇಡಿ. ಬಿಳಿಯ ಬೆರೈಟ್ 4.5, ಅಂಗೈಯಲ್ಲಿಟ್ಟರೇ ಗೊತ್ತಾಗುವಷ್ಟು ಭಾರ.

ಆಮ್ಲ ಕೊನೆಗೆ. ಶೇ. 10ರಷ್ಟೇ ಆಮ್ಲ ಉಳಿಯುವಂತೆ ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲ, ಅದೂ ಹಿಂಬದಿಗೆ ಒಂದೇ ಹನಿ, ನೋಡಿದ ತಕ್ಷಣ ನೀರಿನಿಂದ ತೊಳೆಯಿರಿ. ನೀರಿಗೆ ಆಮ್ಲ ಸೇರಿಸಬೇಕು, ಆಮ್ಲಕ್ಕೆ ನೀರಲ್ಲ. ಬ್ಲೀಚ್ ಇರುವ ಕಡೆ ಆಮ್ಲದ ಬಾಟಲಿ ತೆರೆಯಲೇಬಾರದು, ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಕ್ಯಾಲ್ಸೈಟ್ ತಕ್ಷಣ ನೊರೆಯುತ್ತದೆ. ಡಾಲೊಮೈಟ್ ಪುಡಿ ಮಾಡಿದ ಜಾಗದಲ್ಲಷ್ಟೇ ನಿಧಾನಕ್ಕೆ. ಲೋಹದಂತೆ ಹೊಳೆಯುವ ಸಲ್ಫೈಡ್‌ಗಳಿಗೆ ಆಮ್ಲ ಹಾಕಬೇಡಿ. ಗೆಲೀನಾದಿಂದ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ, ಅದು ವಿಷ.

ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸವನ್ನು ಇಂದೇ ಬಿಡಿ. ಕಲ್ಲುಪ್ಪನ್ನು ಗುರುತಿಸಲು ರುಚಿ ಬೇಕಿಲ್ಲ, ಘನಾಕಾರದ ಸೀಳು ಮತ್ತು ಬೇರೆ ಗುಣಗಳು ಸಾಕು. ನೀಲಿಯಾಗಿ ಸೆಳೆಯುವ ಮೈಲುತುತ್ತ ನೀರಲ್ಲಿ ಕರಗುವ ವಿಷ. ಹಳದಿಯ ಹರಿದಾಳ, ಕೆಂಪಿನ ಮನಶ್ಶಿಲೆ ಎರಡರಲ್ಲೂ ಆರ್ಸೆನಿಕ್ ಇದೆ. ಇಂಗಳೀಕವನ್ನು ಕಾಯಿಸಿದರೆ ಪಾದರಸದ ಆವಿ. ನಾರುನಾರಾಗಿ ಬಿಡಿಸಿಕೊಳ್ಳುವ ಕಲ್ಲು ಕಂಡರೆ ಕಲ್ನಾರು ಇರಬಹುದು. ಕೆರೆಯದೆ, ಒಡೆಯದೆ, ಮುಚ್ಚಿದ ಡಬ್ಬಿಗೆ ಹಾಕಿ.

ಇನ್ನು ಆ ಪೈರೈಟ್. ತೇವದಲ್ಲಿ ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಬ್ಬಿಣದ ಸಲ್ಫೇಟ್ ಮತ್ತು ಗಂಧಕಾಮ್ಲವಾಗುತ್ತದೆ, ಚೀಟಿಯನ್ನು ತಿಂದದ್ದು ಆ ಆಮ್ಲ. ಬಿಳಿ-ಹಳದಿ ಪುಡಿ, ಗಂಧಕದ ವಾಸನೆ ಕಂಡ ಕೂಡಲೇ ಬೇರೆ ಮಾದರಿಗಳಿಂದ ದೂರವಿಡಿ, ತೊಳೆಯಬೇಡಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಮನಶ್ಶಿಲೆಗೆ ಬೆಳಕೇ ಶತ್ರು, ಹಳದಿ ಪುಡಿಯಾಗಿ ಉದುರುತ್ತದೆ, ಅದನ್ನು ಕತ್ತಲಲ್ಲಿಡಬೇಕು.

ಚೀಟಿ ಬರೆಯುವಾಗ ಹೆಸರೊಂದನ್ನೇ ಬರೆದರೆ ಮುಂದೆ ತಿದ್ದುವವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಸಿಕ್ಕ ಜಾಗ, ಕಂಡ ಗುಣಗಳು, ಮಾಡದೆ ಬಿಟ್ಟ ಪರೀಕ್ಷೆ ಎಲ್ಲವೂ ಇರಲಿ. ಉದಾಹರಣೆಗೆ: "ಗಾಜನ್ನು ಗೀರುವುದಿಲ್ಲ, ಚಾಕುವಿಗೆ ಸಿಗುತ್ತದೆ, ಪುಡಿ ಬಿಳಿ, ಸಾಂದ್ರತೆ 4.4, ಆಮ್ಲ ಹಾಕಿಲ್ಲ. ಬಹುಶಃ ಬೆರೈಟ್."