ಹನೋಯ್‌ನ ಹೋ ಚಿ ಮಿನ್ ಸ್ಮಾರಕ: ಅರ್ಧ ದಿನ ಕೊಡುವುದಾದರೆ

ವಿಯೆಟ್ನಾಂ ರಾಜಧಾನಿ ಹನೋಯ್‌ನ ಬಾ ದಿನ್ ಚೌಕದಲ್ಲಿರುವ, ದೇಶದ ಮೊದಲ ಅಧ್ಯಕ್ಷ ಹೋ ಚಿ ಮಿನ್ ಅವರ ಸಮಾಧಿ ದಿನಕ್ಕೆ ಮೂರು ಗಂಟೆ ಮಾತ್ರ ತೆರೆದಿರುತ್ತದೆ, ಅದೂ ಬೆಳಿಗ್ಗೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ 7.30ರಿಂದ 10.30, ಉಳಿದ ತಿಂಗಳು 8ರಿಂದ 11. ಶನಿವಾರ, ಭಾನುವಾರ ಅರ್ಧ ಗಂಟೆ ಹೆಚ್ಚು. ಸೋಮವಾರ ಮತ್ತು ಶುಕ್ರವಾರ ರಜೆ. ಸಾಲದ್ದಕ್ಕೆ, ಪಾರ್ಥಿವ ಶರೀರದ ನಿರ್ವಹಣೆಗೆಂದು ವರ್ಷಕ್ಕೊಮ್ಮೆ ಸುಮಾರು ಎರಡು ತಿಂಗಳು ಪೂರಾ ಮುಚ್ಚುತ್ತಾರೆ. ಈಚಿನ ವರ್ಷಗಳಲ್ಲಿ ಅದು ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಪ್ಯಾಕೇಜ್ ಟೂರ್‌ನ ಪಟ್ಟಿಯಲ್ಲಿ ಇದು ಸೋಮವಾರವೋ ಮಧ್ಯಾಹ್ನವೋ ಬಂದಿದ್ದರೆ ನೀವು ನೋಡುವುದು ಬೂದು ಕಲ್ಲಿನ ಕಟ್ಟಡದ ಹೊರಮೈ ಮಾತ್ರ. ಹಣ ಕಟ್ಟುವ ಮೊದಲೇ ದಿನ, ಹೊತ್ತು ಎರಡನ್ನೂ ಕೇಳಿ.

ಹೋಆನ್ ಕಿಯೆಮ್ ಕೆರೆಯ ಸುತ್ತಲಿನ ಹಳೇ ಪೇಟೆಯಿಂದ ಇಲ್ಲಿಗೆ ಎರಡು ಮೂರು ಕಿಲೋಮೀಟರ್. ಗ್ರ್ಯಾಬ್ ಆ್ಯಪ್‌ನಲ್ಲಿ ಬೈಕನ್ನೋ ಕಾರನ್ನೋ ಕರೆದು, ಇಳಿಯುವ ಜಾಗವೆಂದು ನ್ಗೊಕ್ ಹಾ ಬೀದಿಯ 19ನೇ ನಂಬರಿನ ಗೇಟನ್ನು ಹಾಕಿ. ಬರೀ ಸ್ಮಾರಕದ ಹೆಸರು ಹಾಕಿದರೆ ಚೌಕದ ಎದುರು ಇಳಿಸಿ ಹೋಗುತ್ತಾರೆ. ಅಲ್ಲಿಂದ ಒಳಗೆ ಬಿಡುವುದಿಲ್ಲ, ಬಿಸಿಲಲ್ಲಿ ಆವರಣವನ್ನು ಸುತ್ತಿ ಬರಬೇಕು. 7.30ಕ್ಕೆ ಅಲ್ಲಿರುವುದು ಒಳ್ಳೆಯದು. ಒಂಬತ್ತರ ಮೇಲೆ ಶಾಲಾ ಮಕ್ಕಳ ಬಸ್ಸುಗಳು ಬಂದು ಸಾಲು ಹನುಮನ ಬಾಲವಾಗುತ್ತದೆ.

ತೋಳಿಲ್ಲದ ಅಂಗಿ, ಚಡ್ಡಿ, ಮೊಣಕಾಲಿಗಿಂತ ಮೇಲಿನ ಲಂಗ ತೊಟ್ಟವರನ್ನು ಒಳಗೆ ಬಿಡುವುದಿಲ್ಲ. ದೊಡ್ಡ ಬ್ಯಾಗನ್ನು ಕೌಂಟರಿನಲ್ಲಿ ಕೊಡಬೇಕು; ವಾಪಸ್ ಪಡೆಯುವುದು ಎಲ್ಲಿ ಎಂದು ಕೊಡುವಾಗಲೇ ಕೇಳಿಕೊಳ್ಳಿ, ಯಾಕೆಂದರೆ ಒಳಹೋಗುವ ದಾರಿ, ಹೊರಬರುವ ದಾರಿ ಬೇರೆ ಬೇರೆ. ಮೂರು ವರ್ಷದೊಳಗಿನ ಮಕ್ಕಳಿಗೆ ಸಮಾಧಿಯೊಳಗೆ ಪ್ರವೇಶವಿಲ್ಲ, ಆದ್ದರಿಂದ ಮಗು ಇರುವ ಜೋಡಿ ಸರದಿಯಲ್ಲಿ ಹೋಗಬೇಕಾಗುತ್ತದೆ. ಒಳಗೆ ಟೋಪಿ ತೆಗೆಯಬೇಕು. ಜೇಬಿನಲ್ಲಿ ಕೈ ಇಡುವಂತಿಲ್ಲ, ಕೈಕಟ್ಟಿ ನಿಲ್ಲುವಂತೆಯೂ ಇಲ್ಲ. ನಮ್ಮಲ್ಲಿ ಹಿರಿಯರೆದುರು ಕೈಕಟ್ಟಿ ನಿಲ್ಲುವುದು ವಿನಯ. ಅಲ್ಲಿ ಕಾವಲುಗಾರ ಮೆಲ್ಲಗೆ ತೋಳು ಮುಟ್ಟಿ ಬಿಡಿಸುತ್ತಾನೆ. ಫೋಟೊದ ಮಾತೇ ಇಲ್ಲ.

ಒಳಗೆ ಚಳಿ. ಮಂದ ಬೆಳಕು, ಗಾಜಿನ ಪೆಟ್ಟಿಗೆ, ಮೂಲೆಗಳಲ್ಲಿ ಅಲುಗದೆ ನಿಂತ ಬಿಳಿ ಸಮವಸ್ತ್ರದ ಸೈನಿಕರು. ಸಾಲು ಎಲ್ಲೂ ನಿಲ್ಲುವುದಿಲ್ಲ. ಕೆಲವೇ ನಿಮಿಷದಲ್ಲಿ ಹೊರಗಿರುತ್ತೀರಿ. ಮೊದಲ ಬಾರಿ ಬಂದವರಿಗೆ ಇಲ್ಲಿ ಹುಟ್ಟುವ ಅಭಿಪ್ರಾಯ ಸಾಮಾನ್ಯವಾಗಿ ಒಂದೇ: ಇದು ನಾಯಕನನ್ನು ದೇವರು ಮಾಡಿಕೊಂಡ ದೇಶ. ಇಲ್ಲಿಂದಲೇ ಹೋಟೆಲಿಗೆ ಮರಳಿದರೆ ಅಷ್ಟೇ ಉಳಿಯುತ್ತದೆ.

ಮರಳಬೇಡಿ. ಈ ಗಾಜಿನ ಪೆಟ್ಟಿಗೆ ಹೋ ಬಯಸಿದ್ದಲ್ಲ. 1965ರಿಂದ ಬರೆಯುತ್ತ, ತಿದ್ದುತ್ತ ಬಂದ ಉಯಿಲಿನಲ್ಲಿ ಅವರು ಕೇಳಿದ್ದು ದಹನ. ಬೂದಿಯನ್ನು ಮೂರು ಪಾಲು ಮಾಡಿ ಉತ್ತರ, ಮಧ್ಯ, ದಕ್ಷಿಣದ ಗುಡ್ಡಗಳಲ್ಲಿ ಹೂಳಿ ಎಂದಿದ್ದರು. 1969ರ ಸೆಪ್ಟೆಂಬರ್ 2ರಂದು ಅವರು ತೀರಿಕೊಂಡಾಗ ಕಮ್ಯುನಿಸ್ಟ್ ಪಕ್ಷ ಪ್ರಕಟಿಸಿದ ಉಯಿಲಿನಲ್ಲಿ ಆ ಭಾಗವೇ ಇರಲಿಲ್ಲ. ಸಾವಿನ ದಿನವೂ ಸ್ವಾತಂತ್ರ್ಯ ದಿನಾಚರಣೆಯ ಮೇಲೆ ಬಿದ್ದದ್ದರಿಂದ ಅದನ್ನು 3 ಎಂದು ಘೋಷಿಸಿದರು. ಇವೆರಡನ್ನೂ ಪಕ್ಷ ಒಪ್ಪಿಕೊಂಡದ್ದು 1989ರಲ್ಲಿ. ಅಷ್ಟರಲ್ಲಿ ಸಮಾಧಿ ಉದ್ಘಾಟನೆಯಾಗಿ 14 ವರ್ಷ ಕಳೆದಿತ್ತು.

ಸಮಾಧಿಯಿಂದ ಹೊರಬಂದ ದಾರಿಯಲ್ಲೇ ಮುಂದೆ ಅಧ್ಯಕ್ಷರ ಅರಮನೆಯ ತೋಟ. ಟಿಕೆಟ್ 40,000 ಡಾಂಗ್. ಇಡೀ ಆವರಣದಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಜಾಗ ಇದೇ. ಫ್ರೆಂಚ್ ಗವರ್ನರ್ ಜನರಲ್‌ಗೆಂದು 1906ರಲ್ಲಿ ಮುಗಿದ ಹಳದಿ ಅರಮನೆಯನ್ನು ಹೊರಗಿನಿಂದಷ್ಟೇ ನೋಡಬಹುದು. ಹೋ ಅದರಲ್ಲಿ ವಾಸ ಮಾಡಲಿಲ್ಲ. 1954ರಿಂದ ನಾಲ್ಕು ವರ್ಷ ಅರಮನೆಯ ಎಲೆಕ್ಟ್ರಿಷಿಯನ್‌ಗೆಂದು ಕಟ್ಟಿದ್ದ ಮನೆಯಲ್ಲಿದ್ದರು. 1958ರಲ್ಲಿ ಉತ್ತರದ ಗುಡ್ಡಗಾಡಿನವರ ಮನೆಗಳ ಮಾದರಿಯಲ್ಲಿ, ಕಂಬಗಳ ಮೇಲೆ ನಿಂತ ಮರದ ಮನೆ ಕಟ್ಟಿಸಿಕೊಂಡರು. ಕೆಳಗೆ ಗೋಡೆಯಿಲ್ಲದ ಸಭೆಯ ಜಾಗ, ಮೇಲೆ ಓದುವ ಕೋಣೆ, ಮಲಗುವ ಕೋಣೆ. ಮುಗಿಯಿತು. ಮುಂದಿನ ಕೊಳದಲ್ಲಿ ಮೀನು. ಅವರು ಚಪ್ಪಾಳೆ ತಟ್ಟಿ ಅವಕ್ಕೆ ತಿಂಡಿ ಹಾಕುತ್ತಿದ್ದರು. ಗ್ಯಾರೇಜಿನಲ್ಲಿ ಸೋವಿಯತ್ ಪೊಬೆಡಾ ಕಾರು, ನ್ಯೂ ಕ್ಯಾಲೆಡೋನಿಯಾದ ವಿಯೆಟ್ನಾಮಿಗಳು ಕೊಟ್ಟ ಪಿಜೊ 404.

ಗೈಡ್‌ಗಳು ಅವರನ್ನು ಇಂಗ್ಲಿಷಿನಲ್ಲಿ ‘ಅಂಕಲ್ ಹೋ’ ಎನ್ನುತ್ತಾರೆ. ಮೂಲ ಪದ ‘ಬಾಕ್’, ಅಂದರೆ ತಂದೆಯ ಅಣ್ಣ. ಚಿಕ್ಕಪ್ಪನಿಗೆ ಅವರಲ್ಲಿ ಬೇರೆಯೇ ಪದವಿದೆ. ಅಂಕಲ್ ಎಂಬುದರಲ್ಲಿ ಕಳೆದುಹೋಗುವುದು ಕನ್ನಡದಲ್ಲಿ ಒಂದೇ ಪದಕ್ಕೆ ಸಿಗುತ್ತದೆ: ದೊಡ್ಡಪ್ಪ. ಮರದ ಮನೆಯ ಮುಂದೆ ಆ ಪದ ಒಪ್ಪುತ್ತದೆ. ಕಲ್ಲಿನ ಮಂದಿರದೊಳಗೆ ಒಪ್ಪುವುದಿಲ್ಲ.

ಹಾಗೆಂದು ಇಲ್ಲಿಗೇ ಕರಗಿಬಿಡುವುದೂ ಬೇಡ. ಪಕ್ಕದ ಹೋ ಚಿ ಮಿನ್ ಮ್ಯೂಸಿಯಂ (40,000 ಡಾಂಗ್, ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚುತ್ತದೆ) 1990ರಲ್ಲಿ, ಅವರ ನೂರನೇ ಹುಟ್ಟುಹಬ್ಬಕ್ಕೆ ತೆರೆದದ್ದು. 1911ರಲ್ಲಿ ಸೈಗಾನ್‌ನಿಂದ ಹಡಗಿನ ಅಡುಗೆಮನೆಯ ಆಳಾಗಿ ಹೊರಟವನು ಪ್ಯಾರಿಸ್, ಮಾಸ್ಕೋ ಸುತ್ತಿ 1941ರಲ್ಲಿ ಮರಳಿದ ಕಥೆ ಚೆನ್ನಾಗಿಯೇ ಇದೆ. ಆದರೆ ಪ್ರದರ್ಶನದ ಬಹುಭಾಗ ಸಂಕೇತಗಳು. ಗೋಡೆ ಒಡೆದು ನುಗ್ಗಿದಂತೆ ಇಟ್ಟಿರುವ, ಮಾರಾಟದಲ್ಲಿ ಸೋತ ಫೋರ್ಡ್ ಎಡ್ಸೆಲ್ ಕಾರು ಅಮೆರಿಕದ ಸೋಲಿನ ರೂಪಕ ಎಂಬುದು ವಿವರಣೆ ಓದದೆ ಯಾರಿಗೂ ಹೊಳೆಯುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ 1953–56ರ ಭೂಸುಧಾರಣೆಯ ವಿಚಾರದಲ್ಲಿ. ಜಮೀನ್ದಾರರೆಂದು ಹಣೆಪಟ್ಟಿ ಹಚ್ಚಿ ಸಾವಿರಾರು ಜನರನ್ನು ಕೊಂದರು. 1956ರಲ್ಲಿ ಸರ್ಕಾರವೇ ತಪ್ಪಾಯಿತೆಂದಿತು, ಪಕ್ಷದ ಪ್ರಧಾನ ಕಾರ್ಯದರ್ಶಿ ತ್ರುವಾಂಗ್ ಚಿನ್ ಆ ಹುದ್ದೆ ಕಳೆದುಕೊಂಡರು. ಆ ಕೊಲೆಗಳ ಲೆಕ್ಕವನ್ನು ಈ ಮ್ಯೂಸಿಯಂನಲ್ಲಿ ಹುಡುಕಬೇಡಿ. 1960ರ ದಶಕದಲ್ಲಿ ಯುದ್ಧದ ನಿರ್ಧಾರಗಳು ಹೆಚ್ಚಾಗಿ ಪಕ್ಷದ ಮುಖ್ಯಸ್ಥ ಲೆ ದುವಾನ್ ಕೈಯಲ್ಲಿದ್ದವು, ಹೋ ಮೆಲ್ಲಮೆಲ್ಲನೆ ಗೌರವದ ಪೀಠಕ್ಕೆ ಸರಿದಿದ್ದರು ಎನ್ನುತ್ತಾರೆ ಹಲವು ಇತಿಹಾಸಕಾರರು. ಇಲ್ಲಿ ಆ ಸುಳಿವೂ ಸಿಗದು. ಸಮಯ ಕಮ್ಮಿಯಿದ್ದರೆ ಬಿಡಬೇಕಾದದ್ದು ಈ ಮ್ಯೂಸಿಯಂ, ಮರದ ಮನೆಯಲ್ಲ.

ಅಲ್ಲೇ ಇರುವ ಒಂಟಿ ಕಂಬದ ಪಗೋಡಕ್ಕೆ ಹತ್ತು ನಿಮಿಷ ಸಾಕು. ಅದರ ಅಂಗಳದ ಬೋಧಿವೃಕ್ಷ ರಾಜೇಂದ್ರ ಪ್ರಸಾದರು ಕೊಟ್ಟ ಸಸಿ. ಗುಂಪು ಪಗೋಡದ ಫೋಟೊ ತೆಗೆದು ಹೊರಡುತ್ತದೆ, ಮರದ ಬುಡದ ಫಲಕ ಓದುವವರು ಕಡಿಮೆ.

ಊಟಕ್ಕೆ ಮುನ್ನ ನೋಟಿನ ಎಚ್ಚರಿಕೆ. ಪ್ಲಾಸ್ಟಿಕ್ ನೋಟುಗಳೆಲ್ಲದರ ಮೇಲೂ ಅದೇ ದೊಡ್ಡಪ್ಪನ ಮುಖ, ಹಾಗಾಗಿ ಮುಖದಿಂದ ಗುರುತು ಹಿಡಿಯಲು ಬರುವುದಿಲ್ಲ. 20,000 ಮತ್ತು 500,000 ಎರಡೂ ನೀಲಿ. ಅವಸರದಲ್ಲಿ ಎಳನೀರಿಗೆ 500,000 ಕೊಡುವುದು ಇಲ್ಲಿನ ಮಾಮೂಲಿ ಅನಾಹುತ. ಹಿಂಬದಿ ನೋಡಿ: 20,000ದಲ್ಲಿ ಹೋಯ್ ಆನ್‌ನ ಸೇತುವೆ, 500,000ದಲ್ಲಿ ಹೋ ಬೆಳೆದ ಹುಲ್ಲು ಮಾಡಿನ ಮನೆ. ದೊಡ್ಡ ನೋಟನ್ನು ಬೇರೆ ಜೇಬಿನಲ್ಲಿಡಿ.

ಸಸ್ಯಾಹಾರಿಗಳು ಬೋರ್ಡಿನಲ್ಲಿ ‘ಚಾಯ್’ ಎಂಬ ಪದ ಹುಡುಕಬೇಕು. ಅದು ಚಹಾ ಅಲ್ಲ, ಬೌದ್ಧರ ಸಸ್ಯಾಹಾರ. ‘ತರಕಾರಿ ಫೋ’ (ಫೋ ಎಂದರೆ ಸಾರಿನಲ್ಲಿ ಹಾಕಿದ ಅಕ್ಕಿ ನೂಡಲ್ಸ್) ಎಂದು ಕೇಳಿದರೆ ಮೇಲೆ ತರಕಾರಿ ಹಾಕಿ ಕೊಡುತ್ತಾರೆ, ಸಾರು ಮಾತ್ರ ಮೂಳೆ ಬೇಯಿಸಿದ್ದೇ; ಬೇರೆ ಅಡುಗೆಗಳಿಗೂ ಮೀನಿನ ಸಾಸ್ ಬಿದ್ದಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಊರಿನವರೇ ಅನೇಕರು ಚಾಯ್ ಉಣ್ಣುವುದರಿಂದ ಆ ದಿನಗಳಲ್ಲಿ ಸುಲಭ.

ಮಧ್ಯಾಹ್ನಕ್ಕೆ ಹೋವಾ ಲೋ ಜೈಲು. ಫ್ರೆಂಚರು 1896ರಲ್ಲಿ ಕಟ್ಟಲು ಹಿಡಿದದ್ದು. ವಿಯೆಟ್ನಾಮಿ ಕೈದಿಗಳನ್ನು ಕಾಲಿಗೆ ಕೋಳ ಹಾಕಿ ಸಾಲಾಗಿ ಕೂರಿಸಿದ್ದ ಕೋಣೆ, ಗಿಲೊಟಿನ್, ಇವನ್ನು ನೋಡಿದ ಮೇಲೆ ಆ ಮುದುಕನ ಹಟ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಆಡಿಯೊ ಗೈಡ್ ತೆಗೆದುಕೊಳ್ಳಿ. ಮುಂದಿನ ಕೋಣೆಗಳಲ್ಲಿ ಅಮೆರಿಕನ್ ಯುದ್ಧಕೈದಿಗಳು ಬ್ಯಾಸ್ಕೆಟ್‌ಬಾಲ್ ಆಡುವ, ಕ್ರಿಸ್ಮಸ್ ಮಾಡುವ ಫೋಟೊಗಳಿವೆ. ಅವರು ಬಿಡುಗಡೆಯಾದ ಮೇಲೆ ಹೇಳಿದ ಚಿತ್ರಹಿಂಸೆಯ ಬಗ್ಗೆ ಫಲಕಗಳು ತುಟಿ ಬಿಚ್ಚುವುದಿಲ್ಲ. ಫ್ರೆಂಚರು ಮಾಡಿದ್ದನ್ನು ಅಷ್ಟು ವಿವರವಾಗಿ ತೋರಿಸಿದ ಕಟ್ಟಡವೇ ಎರಡು ಕೋಣೆ ದಾಟುವಷ್ಟರಲ್ಲಿ ಮೌನವಾಗುತ್ತದೆ.

ಅಂಕ ಕೇಳುವವರಿಗೆ: ಮರದ ಮನೆಗೆ ಐದಕ್ಕೆ ಐದು, ಹೋವಾ ಲೋಗೆ ನಾಲ್ಕು, ಸಮಾಧಿಗೆ ಮೂರು, ಮ್ಯೂಸಿಯಂಗೆ ಎರಡು.

ರಾತ್ರಿ 9ಕ್ಕೆ ಬಾ ದಿನ್ ಚೌಕಕ್ಕೆ ಮತ್ತೊಮ್ಮೆ ಬನ್ನಿ, ಇದಕ್ಕೆ ಟಿಕೆಟ್ ಇಲ್ಲ. 34 ಸೈನಿಕರು ಕವಾಯತು ಮಾಡಿ ಧ್ವಜ ಇಳಿಸುತ್ತಾರೆ. 1944ರ ಡಿಸೆಂಬರ್‌ನಲ್ಲಿ ಸೇನೆ ಶುರುವಾದಾಗ ಇದ್ದವರೂ 34. ಹಗಲು ಮೌನವಾಗಿ ಸಾಲಿನಲ್ಲಿ ನಡೆದ ಜನವೇ ಈ ಹೊತ್ತಿಗೆ ಮಕ್ಕಳನ್ನು ಆಡಲು ಬಿಟ್ಟು ಗಾಳಿಗೆ ಕೂತಿರುತ್ತಾರೆ. ನಡುವಿನ ಹಾದಿಯಲ್ಲೇ ನಿಲ್ಲಿ, ಹುಲ್ಲಿಗೆ ಕಾಲಿಟ್ಟರೆ ಸೀಟಿ ಬೀಳುತ್ತದೆ.